ಸಾಲದಲ್ಲಿ ಬದುಕಿದ್ದವಳು

ತಾಯಿ ಒಂದು ಅಂಚು ಹಿಡಿದಿದ್ದಳು, ಚಿಕ್ಕ ಮಗಳು ಇನ್ನೊಂದು. ಒಗೆದು ಒಣಗಿಸಿದ ಹೊದಿಕೆಯನ್ನು ಇಬ್ಬರೂ ಬಿಗಿಯಾಗಿ ಎಳೆದರು, ಒಮ್ಮೆ ಕೊಡವಿದರು, ಅಂಚಿಗೆ ಅಂಚು ಸೇರಿಸಲು ಹತ್ತಿರ ಬಂದರು. ಬೆರಳಿಗೆ ಬೆರಳು ತಾಗಿತು. ಮತ್ತೆ ಹಿಂದೆ ಸರಿದರು, ಮತ್ತೆ ಎಳೆದರು. ಮಂಚದ ಮೇಲೆ ಮಡಚಿದ ಬಟ್ಟೆಗಳು ಎರಡು ಪಾಲಾಗಿ ಕೂತಿದ್ದವು. ಒಂದು ಪಾಲು ತಾಯಿಯದು. ಇನ್ನೊಂದರಲ್ಲಿ ಒಂದು ನೀಲಿ ಹೂವಿನ ಅಂಗಿ, ಎರಡು ದುಪಟ್ಟಾ, ಹಾಸ್ಟೆಲ್ಲಿನ ಗುರುತು ಹಾಕಿದ ಒಂದು ಟವೆಲ್ಲು. ಅವನ್ನು ತೊಡುತ್ತಿದ್ದ ದೊಡ್ಡ ಮಗಳು ಸತ್ತು ನಾಲ್ಕು ವರ್ಷವಾಗಿತ್ತು. ಆದರೂ ಅವು ವಾರಕ್ಕೊಮ್ಮೆ ನೆನೆಯುತ್ತಿದ್ದವು, ಹಿಂಡಿಸಿಕೊಳ್ಳುತ್ತಿದ್ದವು, ಹಗ್ಗದ ಮೇಲೆ ಗಾಳಿಗೆ ತೂಗುತ್ತಿದ್ದವು. ದೂರದಿಂದ ನೋಡಿದವರು ಆ ಮನೆಯಲ್ಲಿ ಹರೆಯದ ಹುಡುಗಿಯೊಬ್ಬಳು ಇದ್ದಾಳೆಂದೇ ತಿಳಿಯಬೇಕು. ಚಿಕ್ಕವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅಮ್ಮನಿಗೆ ಅದೊಂದು ಸಮಾಧಾನ, ಇರಲಿ ಬಿಡು ಎಂದುಕೊಂಡಿದ್ದಳು. ಆದರೆ ಇವತ್ತು ಅವಳ ಕೈಚೀಲದಲ್ಲಿ ಬ್ಯಾಂಕಿನವರು ಕೊಟ್ಟ ಹಾಳೆ ಇತ್ತು. ಕೇಳಲೇಬೇಕಾದ ಮಾತೊಂದಿತ್ತು. ಹೇಗೆ ಶುರು ಮಾಡುವುದು?

ಹಿಂದಿನ ದಿನ ಅವಳು ಗಾರ್ಮೆಂಟ್ಸಿನಲ್ಲಿ ಅರ್ಧ ದಿನದ ರಜೆ ಹಾಕಿ ಬ್ಯಾಂಕಿಗೆ ಹೋಗಿದ್ದಳು. ಅವಳದು ಅಂಗಿಗೆ ಕಾಲರ್ ಕೂರಿಸುವ ಕೆಲಸ, ಗಂಡ ವ್ಯಾನ್ ಓಡಿಸುತ್ತಿದ್ದ. ಅತ್ತೆ, ಭಾವ, ಓರಗಿತ್ತಿ, ಅವರ ಮಕ್ಕಳು ಎಲ್ಲರೂ ಇದ್ದ ಮನೆಯಲ್ಲಿ ಗಂಡಹೆಂಡತಿಗೆ ಸಿಕ್ಕಿದ್ದು ನಡುಮನೆಯ ಒಂದು ಮೂಲೆ. ಹಗ್ಗಕ್ಕೆ ಒಂದು ಪರದೆ. ಆ ಪರದೆಯ ಹಿಂದೆ ಜೋರಾಗಿ ಕೆಮ್ಮಿದರೂ ಮನೆಗೆಲ್ಲ ಕೇಳುತ್ತಿತ್ತು. ಕೊನೆಗೂ ಎರಡು ಕೋಣೆಯ ಒಂದು ಮನೆ ಸಿಕ್ಕಿತ್ತು. ಅತ್ತೆಯ ಬಳೆ ಅಡವಿಟ್ಟು ಮುಂಗಡ ಕೊಟ್ಟಾಗಿತ್ತು. ತಿಂಗಳ ಕೊನೆಯೊಳಗೆ ಬ್ಯಾಂಕಿನ ಸಾಲ ಬಂದರೆ ಮನೆ ಇವರದು, ಬರದಿದ್ದರೆ ಮುಂಗಡವೂ ಕೈಬಿಟ್ಟಂತೆ.

ಬ್ಯಾಂಕಿನ ಅಧಿಕಾರಿ ಒಳ್ಳೆಯ ಹೆಂಗಸು. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದ್ದಳು.

"ನಿಮ್ಮ ಸಂಬಳ ಸರಿ ಇದೆ, ಯಜಮಾನರದ್ದೂ ಸರಿ ಇದೆ. ಆದ್ರೆ ನಿಮ್ಮ ಕ್ರೆಡಿಟ್ ರಿಪೋರ್ಟಲ್ಲಿ ಒಂದು ಶಿಕ್ಷಣ ಸಾಲ ಕಂತು ಕಟ್ಟದೆ ಸುಸ್ತಿಯಾಗಿದೆಯಲ್ಲಮ್ಮ. ವಸೂಲಿಗೆ ಹೋಗಿದೆ. ಇದಿರೋ ತನಕ ಯಾವ ಬ್ಯಾಂಕೂ ನಿಮಗೆ ಸಾಲ ಕೊಡಲ್ಲ."

"ನಾನು ಓದೇ ಇಲ್ಲ ಮೇಡಮ್... ಶಾಲೆ ಅರ್ಧಕ್ಕೇ ಬಿಟ್ಟವಳು."

"ಸಾಲ ನಿಮ್ಮಕ್ಕಂದು. ಜೊತೆಗೆ ಸಹಿ ಹಾಕಿರೋದು ನೀವು."

ಹೌದು, ಹಾಕಿದ್ದಳು. ತಂದೆ ಇಲ್ಲದ ಮನೆ. ತಾಯಿ ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವವಳು, ಸಂಬಳದ ಚೀಟಿ ಇದ್ದದ್ದು ಚಿಕ್ಕವಳ ಹತ್ತಿರ ಮಾತ್ರ. ಅಕ್ಕ ಲ್ಯಾಬ್ ಕೆಲಸದ ಓದಿಗೆ ಹೊರಟಾಗ ಹದಿನೆಂಟು ತುಂಬಿದ ತಂಗಿ, ಅಕ್ಕ ತೋರಿಸಿದ ಕಡೆಯಲ್ಲೆಲ್ಲ ದುಂಡಗೆ ಹೆಸರು ಬರೆದಿದ್ದಳು. "ನೋಡು, ಕೆಲಸ ಸಿಕ್ಕಿದ ಮೊದಲನೇ ತಿಂಗಳೇ ನಿನ್ನನ್ನ ಬಿಡಿಸ್ಕೋತೀನಿ" ಎಂದು ಅಕ್ಕ ಕೆನ್ನೆ ಹಿಂಡಿದ್ದಳು. ಕೊನೆಯ ಪರೀಕ್ಷೆ ಮುಗಿಸಿ ಅವಳು ಮನೆಗೆ ಹೊರಟ ಬಸ್ಸು ದಾರಿಯಲ್ಲೇ ಉರುಳಿತು...

"ಅಕ್ಕ ತೀರಿಕೊಂಡ್ರು ಮೇಡಮ್. ನಾಲ್ಕು ವರ್ಷ ಆಯ್ತು."

ಅಧಿಕಾರಿ ಕಂಪ್ಯೂಟರಿನ ಪರದೆ ನೋಡಿದಳು. ಇವಳ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು.

"ಹಾಗಾದ್ರೆ ಹೋದ ತಿಂಗಳು ದುಡ್ಡು ಕಟ್ಟಿದ್ದು ಯಾರು? ಸಾಲಗಾರರು ಸಂಪರ್ಕದಲ್ಲಿದ್ದಾರೆ, ಕೆಲಸದಲ್ಲಿದ್ದಾರೆ, ಕಟ್ಟೋದಾಗಿ ಮಾತು ಕೊಟ್ಟಿದ್ದಾರೆ ಅಂತ ವಸೂಲಿ ಕಚೇರಿಯವರು ತಿಳಿಸಿದ್ದಾರಲ್ಲ!"

ಆ ಮಾತು ಕೇಳಿದ ಮೇಲೆ ಚಿಕ್ಕವಳು ಬ್ಯಾಂಕಿನ ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯದು. ಅಕ್ಕನ ಮುಖವನ್ನು ಅವಳು ನೋಡಿರಲಿಲ್ಲ. "ಬೇಡ ಮಗು, ನೋಡೋ ಹಾಗಿಲ್ಲ" ಎಂದು ದೊಡ್ಡಪ್ಪ ಅವಳನ್ನು ಎದೆಗೊತ್ತಿಕೊಂಡು ಹೊರಗೆ ಕರೆದೊಯ್ದಿದ್ದರು. ಬಿಳಿಬಟ್ಟೆಯೊಳಗೆ ಇದ್ದವಳು ಬೇರೆ ಯಾರೋ ಆಗಿದ್ದರೆ? ಅಕ್ಕ ಎಲ್ಲಿಯೋ ಉಳಿದು, ನೆನಪು ತಪ್ಪಿ, ಎಲ್ಲಿಯೋ ದುಡಿದು, ಪಾಪ, ತನ್ನ ಸಾಲ ತಾನೇ ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದರೆ? ಹುಚ್ಚು ಯೋಚನೆಯೆಂದು ಗೊತ್ತಿದ್ದೂ ಅವಳು ಎದುರು ಬಂದವರ ಮುಖವನ್ನೆಲ್ಲ ನೋಡತೊಡಗಿದಳು. ಮುಂದೆ ರಸ್ತೆಯಲ್ಲಿ ಹೆಂಗಸೊಬ್ಬಳು ಚೀಲವನ್ನು ಎಡಭುಜಕ್ಕೆ ಹಾಕಿಕೊಂಡು, ಸ್ವಲ್ಪ ವಾಲಿ ವಾಲಿ ನಡೆಯುತ್ತಿದ್ದಳು. ಥೇಟ್ ಅಕ್ಕನ ನಡಿಗೆ! ಚಿಕ್ಕವಳು ಬಸ್‌ಸ್ಟಾಪು ದಾಟಿ, ಹಣ್ಣಿನ ಗಾಡಿಗಳನ್ನು ದಾಟಿ ಅವಳ ಬೆನ್ನು ಹತ್ತಿದಳು. ಸೇತುವೆಯ ಹತ್ತಿರ ಆಕೆ ತಿರುಗಿ, "ಏನ್ರೀ, ಏನು ಬೇಕಿತ್ತು?" ಎಂದಳು. ಯಾರೋ ಒಬ್ಬಳು ನಡುವಯಸ್ಸಿನವಳು. ಚಿಕ್ಕವಳು ನಡುರಸ್ತೆಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ಕಾದಿದ್ದಳು. ಚಿಕ್ಕವಳು ಗಂಡನಿಗೆ ಫೋನಿನಲ್ಲಿ ಹೇಳಿದ ಸುದ್ದಿ ಆಗಲೇ ಅತ್ತೆಯ ಕಿವಿಗೆ ಬಿದ್ದಿತ್ತು.

"ಬಾರಮ್ಮ, ಬಾ. ನಿಮ್ಮಕ್ಕ ಸತ್ತ ಮೇಲೂ ಓದ್ತಾನೇ ಇದ್ದಾಳಂತಲ್ಲ! ನಮ್ಮ ವಂಶದಲ್ಲಿ ಬದುಕಿರೋರಿಗೇ ಯಾರೂ ಸಾಲ ಕೊಡಲ್ಲ, ನಿಮ್ಮ ಕಡೆ ಸತ್ತವರಿಗೂ ಕೊಡ್ತಾರೆ. ದೊಡ್ಡ ಮನೆತನ ಬಿಡಪ್ಪ!"

"ಅಮ್ಮಾ, ಸುಮ್ಮನಿರು" ಎಂದ ಮಗ.

"ನಾನೇನೋ ಸುಮ್ಮನಿರ್ತೀನಿ. ಈ ಬರಿಗೈಯಿ ಸುಮ್ಮನಿರುತ್ತೇನೋ? ತಿಂಗಳ ಕೊನೆಗೆ ನನ್ನ ಬಳೆ ಬರ್ಲಿಲ್ಲ ಅಂದ್ರೆ ಅವಳ ತಾಯಿ ಮನೆ ಬಾಗಿಲಲ್ಲೇ ಹೋಗಿ ಕೂತ್ಕೋತೀನಿ, ನೋಡ್ತಿರು!"

ಚಿಕ್ಕವಳು ಪರದೆ ಸರಿಸಿ ಒಳಗೆ ಹೋಗಿ ಕೂತಳು. ಉತ್ತರ ಕೊಡುವ ಸ್ವಭಾವ ಅವಳದಲ್ಲ. ಯಾರೋ ಬೈದರೆ ತಪ್ಪು ತನ್ನದೇ ಇರಬೇಕೆಂದು ತಲೆ ತಗ್ಗಿಸುವವಳು...

ಈಗ ತಾಯಿಯ ಮನೆಯಲ್ಲಿ ಹೊದಿಕೆಯ ಕೊನೆಯ ಮಡಿಕೆಗೆ ಇಬ್ಬರೂ ಹತ್ತಿರವಾದರು. "ಅಮ್ಮಾ..." ಎಂದಳು ಚಿಕ್ಕವಳು. ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಂಡಿತು. ತಾಯಿ ಹೊದಿಕೆಯನ್ನು ನೆಲಕ್ಕೆ ಬಿಟ್ಟೇ ಓಡಿದಳು. ಮಂಡಿನೋವೆಂದು ಮೆಟ್ಟಿಲಿಗೊಮ್ಮೆ ನಿಲ್ಲುವ ಹೆಂಗಸು ಓಡಿದ್ದನ್ನು ಮಗಳು ನೋಡಿ ಬೆರಗಾದಳು. ಹಳೆಯ ಫೋನು, ಆ ಕಡೆಯವರ ಮಾತು ಕೋಣೆಗೆಲ್ಲ ಕೇಳುವಂಥದು.

"ನಮಸ್ಕಾರ ಅಮ್ಮ. ಮಗಳು ಇದ್ದಾರಾ?" ಹೆಣ್ಣುದನಿ, ಸ್ವಲ್ಪ ಕೆಮ್ಮು.

"ಓ, ನೀನೇನಮ್ಮಾ! ಈಗ ತಾನೇ ಹೊರಗೆ ಹೋದ್ಲಲ್ಲ. ಸಂಜೆಗೆ ಬರ್ತಾಳೆ."

"ಬೆಳಿಗ್ಗೆ ಮಾಡಿದ್ರೆ ಸಂಜೆ ಅಂತೀರಿ, ಸಂಜೆ ಮಾಡಿದ್ರೆ ಬೆಳಿಗ್ಗೆ ಅಂತೀರಿ. ಒಂದ್ಸಲಾನಾದ್ರೂ ಕೈಗೆ ಸಿಗ್ತಾರೇನಮ್ಮ ನಿಮ್ಮ ಮಗಳು?"

"ಏನು ಮಾಡ್ಲಿ ಹೇಳು, ಅವಳ ಕೆಲಸಾನೇ ಹಾಗೆ. ಲ್ಯಾಬಲ್ಲಿ ನಿಂತು ನಿಂತು ಕಾಲು ಊದ್ಕೊಂಡಿದೆ. ಕೂತ್ಕೋಳೇ ಅಂದ್ರೆ ಕೇಳಲ್ಲ. ಮೇಲಿನವನು ಬೇರೆ ಮುಂಗೋಪಿಯಂತೆ. ಇವಳೇನು ಕಮ್ಮೀನಾ? ಅವನು ಒಂದಂದ್ರೆ ಇವಳು ಎರಡಂತಾಳೆ!" ತಾಯಿ ನಕ್ಕಳು. ಬಾಯಿ ತುಂಬ, ಹಿಂದಿನ ಹಾಗೆ, ತಲೆ ಹಿಂದಕ್ಕೆ ಹಾಕಿ ನಕ್ಕಳು.

"ಹೋದ ವಾರ ಜ್ವರ ಅಂದಿದ್ರಲ್ಲ, ಬಿಡ್ತಾ?"

"ಬಿಡ್ತಮ್ಮ. ಬಾಯಿಗೆ ಮಾತ್ರ ರುಚಿ ಹತ್ತಿಲ್ಲ."

"ಈ ತಿಂಗಳು ಸ್ವಲ್ಪ ಜಾಸ್ತಿ ಕಟ್ಟೋಕೆ ಹೇಳಿ ಅಮ್ಮ. ನಮ್ಮ ಮೇಲಿನವರೂ ಮುಂಗೋಪಿಗಳೇ, ನನಗೆ ಬೈತಾರೆ."

"ಹೇಳ್ತೀನಿ, ಹೇಳ್ತೀನಿ. ನಿನ್ನ ಕೆಮ್ಮು ಇನ್ನೂ ಹೋಗ್ಲಿಲ್ವಲ್ಲ? ಬಿಸಿನೀರು ಕುಡಿ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?"

"ಕುಡೀತೀನಮ್ಮ. ನಾನು ಕೇಳ್ದೆ ಅಂತ ಮಗಳಿಗೆ ಹೇಳಿ."

"ಹೇಳ್ದೆ ಇರ್ತೀನಾ..."

ಫೋನು ಇಟ್ಟು ತಿರುಗಿದ ತಾಯಿಯ ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. ಎದುರಿಗೆ ಚಿಕ್ಕ ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ಯಾರಮ್ಮ ಸಂಜೆಗೆ ಬರೋದು?"

ತಾಯಿ ಬಗ್ಗಿ ಹೊದಿಕೆ ಎತ್ತಿಕೊಂಡಳು. "ಹಿಡಿ, ಇನ್ನೊಂದು ಮಡಿಕೆ ಇದೆ."

"ಯಾರಿಗಮ್ಮ ಜ್ವರ ಬಿಟ್ಟಿದ್ದು? ಯಾರ ಕಾಲು ಊದಿರೋದು?"

"ಹಿಡಿ ಅಂದ್ನಲ್ಲ!"

ಚಿಕ್ಕವಳು ಚೀಲದಿಂದ ಹಾಳೆ ತೆಗೆದು ಮಂಚದ ಮೇಲೆ ಎಸೆದಳು. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಬೀದಿಗೆ ಕೇಳುವಷ್ಟು ಎದ್ದಿತು.

"ಸಾಲಕ್ಕೆ ಸಹಿ ಹಾಕಿದ್ದು ನಾನು! ಅವಳು ಓದ್ಲಿ ಅಂತ ಶಾಲೆ ಬಿಟ್ಟಿದ್ದು ನಾನು! ನೀನು ಸ್ವಲ್ಪ ಸ್ವಲ್ಪ ದುಡ್ಡು ಕಟ್ಟಿ ಕಟ್ಟಿ ಆ ಸಾಲ ಸಾಯದ ಹಾಗೆ ನೋಡ್ಕೊಂಡಿದೀಯ... ನನ್ನ ಹೆಸರು ಕೆಟ್ಟು ಕೂತಿದೆ ಅಮ್ಮ, ಮನೆ ಕೈತಪ್ಪಿ ಹೋಗ್ತಿದೆ! ಅವಳಿಗೆ ಲ್ಯಾಬಲ್ಲಿ ಕೆಲಸ ಕೊಡಿಸಿದೆ, ಜ್ವರ ಬರಿಸಿದೆ, ಬಿಡಿಸಿದೆ. ನಾನು ಮದುವೆಯಾಗಿ ಎರಡು ವರ್ಷದಿಂದ ಪರದೆ ಹಿಂದೆ ಮಲಗ್ತೀನಿ ಅಂತ ಯಾರಿಗಾದ್ರೂ ಒಂದು ದಿನ ಹೇಳಿದೀಯಾ? ನಿನಗೆ ಇನ್ನೊಬ್ಬಳು ಮಗಳಿದ್ದಾಳೆ ಅಂತಾನಾದ್ರೂ ಆ ಹೆಂಗಸಿಗೆ ಗೊತ್ತಾ?"

ತಾಯಿ ಮಂಚದ ಅಂಚಿಗೆ ಕುಸಿದಳು. ಯಾರಿಗೋ ಹೇಳುವವಳಂತೆ ಹೇಳಿದಳು.

"ಅವಳನ್ನ ಮಣ್ಣು ಮಾಡಿ ವಾರ ಆಗಿತ್ತು. ನೆಂಟರೆಲ್ಲ ಹೊರಟುಹೋಗಿದ್ರು. ಸಾಲದ ಕಚೇರಿಯಿಂದ ಇವಳ ಫೋನ್ ಬಂತು. 'ಪರೀಕ್ಷೆ ಮುಗೀತಲ್ಲ ಅಮ್ಮ, ಮಗಳು ಮನೆಗೆ ಬಂದ್ರಾ' ಅಂತ ಕೇಳಿದ್ಲು. ಬಸ್ಸು ಉರುಳಿದ ದಿನ ಬೆಳಿಗ್ಗೆಯಿಂದ ಬೀದಿಗೆಲ್ಲ ನಾನು ಹೇಳ್ತಾ ಇದ್ನಲ್ಲ, ಸಂಜೆಗೆ ಬರ್ತಾಳೆ, ಸಂಜೆಗೆ ಬರ್ತಾಳೆ ಅಂತ... ಅದೇ ಬಾಯಿಗೆ ಬಂತು ಕಣೇ. ಹೇಳಿಬಿಟ್ಟೆ. ಹೇಳಿದ ಮೇಲೆ ಆ ದಿನವೆಲ್ಲ ಎಷ್ಟು ಹಗುರವಾಗಿದ್ದೆ ಗೊತ್ತಾ? ಸಂಜೆ ಬಾಗಿಲು ತೆಗೆದಿಟ್ಕೊಂಡು ಕೂತಿದ್ದೆ. ಆಮೇಲೆ ಅವಳು ಫೋನ್ ಮಾಡ್ದೇ ಇದ್ರೆ ನನಗೇ ಹೆದರಿಕೆ ಆಗೋದು. ಬೀದಿ ತುದಿಯ ರೀಚಾರ್ಜ್ ಅಂಗಡಿಯವನ ಕೈಲಿ ಗುಂಡಿ ಹೊಲಿದ ದುಡ್ಡಲ್ಲಿ ಸ್ವಲ್ಪ ಕಟ್ಟಿಸ್ತಿದ್ದೆ, ಮತ್ತೆ ಮಾಡ್ಲಿ ಅಂತ..."

"ಅಮ್ಮಾ!"

"ಬೈ. ನಿನಗೆ ಬೈಯೋ ಹಕ್ಕಿದೆ. ಆದ್ರೆ ಒಂದು ಮಾತು ಹೇಳು. ಈ ನಾಲ್ಕು ವರ್ಷದಲ್ಲಿ ನೀನು ಅವಳ ಮಾತು ಎತ್ತಿದೀಯಾ? ನಿಮ್ಮ ದೊಡ್ಡಪ್ಪ ಎತ್ತಿದ್ದಾರಾ? ಪಕ್ಕದ ಮನೆಯವರು ನನ್ನನ್ನ ಕಂಡ್ರೆ ಮಾತು ಬದಲಾಯಿಸ್ತಾರೆ. ಪ್ರಪಂಚದಲ್ಲಿ ನನ್ನ ಮಗಳನ್ನ ಕೇಳೋರು ಆ ಸಾಲದವಳೊಬ್ಬಳೇ ಉಳಿದಿದ್ಲು ಕಣೇ..."

ಚಿಕ್ಕವಳು ಮಂಚದ ಮೇಲಿನ ನೀಲಿ ಹೂವಿನ ಅಂಗಿ ನೋಡಿದಳು. ಅಮ್ಮ ಅಳುತ್ತಾಳೆಂದು ತಾನು ನುಂಗಿಕೊಂಡ ಹೆಸರು ಅದು. ನುಂಗಿ ನುಂಗಿ ತನ್ನ ಕನಸಿನಲ್ಲೂ ಅಕ್ಕ ಬೆನ್ನು ತಿರುಗಿಸಿಯೇ ನಿಲ್ಲುವಂತಾಗಿತ್ತು.

ವ್ಯಾನ್ ನಿಲ್ಲಿಸಿ ಬಂದಿದ್ದ ಅಳಿಯ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತ.

"ಅತ್ತೆ, ಇವತ್ತು ನಾನೂ ಬ್ಯಾಂಕಿಗೆ ಹೋಗಿದ್ದೆ. ಸಾಲದ ಜೊತೆ ವಿಮೆ ಇತ್ತಂತೆ. ಸಾಲಗಾರರು ತೀರಿಕೊಂಡ್ರೆ ಸಾಲ ಅಲ್ಲಿಗೇ ಮುಗೀತು, ಯಾರೂ ಕಟ್ಟೋ ಹಾಗಿಲ್ಲ. ಈಗಲೂ ಅರ್ಜಿ ಕೊಡಬಹುದು ಅಂದ್ರು ಬ್ಯಾಂಕಿನ ಮೇಡಮ್. ಆದ್ರೆ ಇದ್ದಾರೆ, ಇದ್ದಾರೆ ಅಂತ ನೀವು ಹೇಳಿದ್ದೆಲ್ಲ ಅಲ್ಲಿ ರೆಕಾರ್ಡ್ ಆಗಿದೆ. ಹಾಗಾಗಿ... ಫೋನಲ್ಲಿ ಹಾಗಂದವರೇ ಹೇಳ್ಬೇಕಂತೆ."

"ಏನಂತ?"

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಿದಳು.

"ಅವರು ತೀರಿಕೊಂಡ್ರು ಅಂತ."

"ಬೇಡ ಅಳಿಯಂದ್ರೇ!" ತಾಯಿ ಎರಡೂ ಕಿವಿ ಮುಚ್ಚಿಕೊಂಡಳು. "ಒಂದ್ಸಲ ಆ ದೇವರು ಕೊಂದ. ಎರಡನೇ ಸಲ ನನ್ನ ಕೈಲೇ ಕೊಲ್ಲಿಸ್ತೀರಾ? ಬಳೆ ಬಿಡಿಸೋಕೆ ನಾನು ದುಡೀತೀನಿ, ಕಣ್ಣು ಹೋಗೋ ತನಕ ಗುಂಡಿ ಹೊಲೀತೀನಿ, ಎಲ್ಲ ಸಾಲ ನಾನೇ ತೀರಿಸ್ತೀನಿ. ಇದೊಂದು ಬೇಡ..."

ಯಾರೂ ಬಲವಂತ ಮಾಡಲಿಲ್ಲ. ಚಿಕ್ಕವಳು ನಿಧಾನವಾಗಿ ಬಂದು, ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು. "ನಡೀರಿ, ಹೋಗೋಣ" ಎಂದಳು ಗಂಡನಿಗೆ. ಬೈಗುಳವಿಲ್ಲ, ಕಣ್ಣೀರಿಲ್ಲ. ಮೂಲೆಯ ಪರದೆಯ ಹಿಂದಕ್ಕೆ ವಾಪಸ್ಸು ಹೋಗಿ ಕೂರುವುದಕ್ಕೆ ಅವಳು ಸಿದ್ಧಳಾಗಿಬಿಟ್ಟಿದ್ದಳು, ಹಿಂದೆ ಶಾಲೆಯ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಮಾತಿಲ್ಲದೆ ಗಾರ್ಮೆಂಟ್ಸಿನ ದಾರಿ ಹಿಡಿದ ಹಾಗೆಯೇ. ತಾಯಿ ಆ ಬೆನ್ನನ್ನು ನೋಡಿದಳು. ಈ ಹುಡುಗಿ ಒಂದು ದಿನವಾದರೂ ಬೇಕೆಂದು ಏನನ್ನಾದರೂ ಕೇಳಿದ್ದುಂಟೇ? ಇವಳು ಎಷ್ಟು ಹೊತ್ತಿಗೆ ಬರುತ್ತಾಳೆಂದು ತಾನು ಯಾವ ಸಂಜೆಯಾದರೂ ಬಾಗಿಲು ತೆಗೆದಿಟ್ಟು ಕಾದದ್ದುಂಟೇ?

"ನಿಲ್ಲೇ" ಎಂದಳು ತಾಯಿ.

ಕಟ್ಟೆಯ ಮೇಲಿನ ಫೋನು ತೆಗೆದುಕೊಂಡು, ಬಂದಿದ್ದ ನಂಬರಿಗೆ ತಾನೇ ಹಚ್ಚಿದಳು. ಯಾವುದೋ ಸಂಗೀತ ಬಂತು, ನಿಂತಿತು. ಬೇರೆ ಯಾರೋ ಎತ್ತಿಕೊಂಡರು. "ಕೆಮ್ಮಿದೆಯಲ್ಲ ಒಬ್ಬಳಿಗೆ, ಆ ಮಗೂಗೆ ಕೊಡಿ" ಎಂದಳು ತಾಯಿ.

"ಏನಮ್ಮ, ಮಗಳು ಬಂದುಬಿಟ್ರಾ?" ಆ ದನಿಯಲ್ಲಿ ಸಂತೋಷವಿತ್ತು.

"ಇಲ್ಲಮ್ಮ..." ತಾಯಿ ಕಿಟಕಿಯ ಸರಳು ಹಿಡಿದುಕೊಂಡಳು. "ನನ್ನ ದೊಡ್ಡ ಮಗಳು ತೀರಿಕೊಂಡಳು. ನಾಲ್ಕು ವರ್ಷ ಆಯ್ತು. ಬಸ್ಸು ಉರುಳಿ... ತೀರಿಕೊಂಡಳು."

ಆ ಕಡೆಯವಳು ಒಮ್ಮೆ ಕೆಮ್ಮಿದಳು.

"ಅಮ್ಮ... ಜ್ವರ ಬಂದಿತ್ತು ಅಂದ್ರಲ್ಲ?"

"ಸುಳ್ಳು."

"ಕಾಲು ಊದಿದೆ ಅಂದ್ರಲ್ಲ ಈಗ ತಾನೇ..."

"ಸುಳ್ಳು ಕಣಮ್ಮ."

"ಹೋದ ವರ್ಷ ನೋಡೋಕೆ ಗಂಡಿನ ಕಡೆಯವರು ಬಂದಿದ್ರು ಅಂದ್ರಿ. ಮಗಳೇ ಬೇಡ ಅಂದ್ರು ಅಂದ್ರಿ. ನಾನು ಮನೆಗೆ ಹೋಗಿ ನಮ್ಮಮ್ಮನಿಗೂ ಹೇಳಿದ್ದೆ ಅಮ್ಮ, ಎಂಥಾ ಗಟ್ಟಿ ಹುಡುಗಿ ಅಂತ!"

"ಎಲ್ಲಾ ಸುಳ್ಳು. ನಾನು ಕಟ್ಟಿದ್ದು."

ಒಂದೊಂದು ಮಾತಿಗೂ ತಾಯಿಯ ಬೆನ್ನು ಇಷ್ಟಿಷ್ಟೇ ಬಾಗುತ್ತ ಬಂತು. ಚಿಕ್ಕವಳು ಕೈ ಚಾಚಿದಳು, ಆದರೆ ಮುಟ್ಟುವ ಧೈರ್ಯ ಬರಲಿಲ್ಲ. ನಾಲ್ಕು ವರ್ಷ ಓಡಾಡಿದವಳು, ದುಡಿದವಳು, ಮಲಗಿ ಎದ್ದವಳು, ಗಂಡನ್ನು ಬೇಡವೆಂದವಳು ಆ ಕೋಣೆಯಲ್ಲಿ ಅವರ ಕಣ್ಣೆದುರೇ ಮೆಲ್ಲಮೆಲ್ಲಗೆ ಸಾಯುತ್ತಿದ್ದಳು.

"ನಾನು ಅವರ ಮೇಲೆ ಎಷ್ಟು ರೇಗಾಡಿದೀನಮ್ಮ..." ಎಂದಳು ಆ ಹೆಣ್ಣು. ಗಂಟಲು ಸರಿಮಾಡಿಕೊಂಡಳು. ಆಮೇಲೆ ಓದಿ ಹೇಳುವ ದನಿ ಬಂತು. "ಈ ಕರೆ ದಾಖಲಾಗಿದೆ. ಮರಣ ಪ್ರಮಾಣಪತ್ರದ ಪ್ರತಿಯನ್ನು ನಮ್ಮ ಕಚೇರಿಗೆ ಕಳುಹಿಸಿ. ಇನ್ನು ಮುಂದೆ ಈ ನಂಬರಿಗೆ ನಮ್ಮ ಕಡೆಯಿಂದ ಕರೆ ಬರುವುದಿಲ್ಲ."

"ಬಿಸಿನೀರು ಕುಡಿ ಮಗು" ಎಂದಳು ತಾಯಿ. ಅಷ್ಟರಲ್ಲಿ ಆ ಕಡೆ ಇಟ್ಟಾಗಿತ್ತು.

ಕಾಗದಗಳು ಓಡಾಡಿದವು. ಅಳಿಯ ನಗರಸಭೆಗೂ ಬ್ಯಾಂಕಿಗೂ ಅಲೆದ. ತಾಯಿ ಕಟ್ಟಿದ್ದ ಹಣ ವಾಪಸ್ಸು ಬರಲಿಲ್ಲ. ಆದರೆ ಸುಳ್ಳು ಹೇಳಿದ್ದಕ್ಕೆ ಯಾರೂ ಅವಳನ್ನು ಹಿಡಿದು ಕೇಳಲಿಲ್ಲ. ಇಷ್ಟೆಲ್ಲ ಆಗುವಷ್ಟರಲ್ಲಿ ಆ ಮನೆ ಬೇರೆಯವರ ಪಾಲಾಯಿತು. ಮುಂಗಡದಲ್ಲಿ ಅರ್ಧ ಮಾತ್ರ ಹಿಂದೆ ಬಂತು. ಅತ್ತೆ ತಿಂಗಳುಗಟ್ಟಲೆ ಬರಿಗೈ ಆಡಿಸಿ ಆಡಿಸಿ ಮಾತಾಡಿದಳು. ಕೊನೆಗೊಂದು ದಿನ ಬ್ಯಾಂಕಿನ ಮೇಡಮ್ ಚಿಕ್ಕವಳನ್ನು ಕರೆದು ಪರದೆ ತೋರಿಸಿದಳು. ಅಕ್ಕನ ಸಾಲದ ಎದುರು "ಮುಕ್ತಾಯ" ಎಂದಿತ್ತು. ತಂಗಿಯ ಹೆಸರು ಶುದ್ಧವಾಗಿತ್ತು. ಚಿಕ್ಕವಳು ಪರದೆಯ ಮೇಲಿನ ಆ ಸಾಲುಗಳನ್ನು ಇನ್ನೊಮ್ಮೆ ಓದಿದಳು. ಅಕ್ಕನ ಹೆಸರೂ ತನ್ನ ಹೆಸರೂ ಜೊತೆಯಾಗಿ ಇದ್ದ ಕೊನೆಯ ಜಾಗ ಅದಾಗಿತ್ತು...

ಮರುವರ್ಷ, ಮೊದಲಿನದಕ್ಕಿಂತ ಚಿಕ್ಕದಾದ, ಆದರೆ ಗೋಡೆಯೂ ಬಾಗಿಲೂ ಇದ್ದ ಒಂದು ಮನೆ ಅವರದಾಯಿತು. ತಾಯಿಯನ್ನೂ ಕರೆದುಕೊಂಡು ಬಂದರು. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ತನ್ನ ಪಾಡಿಗೆ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಫೋನು ಹೊಡೆದುಕೊಂಡರೆ ತಲೆ ಎತ್ತುತ್ತಿದ್ದಳು, ಆಮೇಲೆ ತಗ್ಗಿಸುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅತ್ತೆಯೂ ಮನೆ ನೋಡಲು ಬಂದಳು. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು.

"ಅಂತೂ ಗೋಡೆ ಕಂಡ್ಯಲ್ಲೇ ಸೊಸೆ" ಎಂದಳು ಅತ್ತೆ. "ಇನ್ನು ನನ್ನ ಬಳೆ ಕಂಡ್ರೆ ನಾನೂ ನೆಮ್ಮದಿಯಾಗಿ ಕಣ್ಣು ಮುಚ್ತೀನಿ."

"ಬಳೆ ಬರೋ ತನಕ ನೀನು ಕಣ್ಣು ಮುಚ್ಚಲ್ಲ ಅಂತಾನೇ ತಡ ಮಾಡ್ತಿದೀನಮ್ಮ" ಎಂದ ಮಗ. ಅತ್ತೆ ನಕ್ಕು ಅವನ ಬೆನ್ನಿಗೊಂದು ಹೊಡೆದಳು. ಚಿಕ್ಕವಳೂ ನಕ್ಕಳು. ನೀರಿನ ಟ್ಯಾಂಕಿನ ಮಾತು ಬಂತು, ಅಡುಗೆಮನೆಗೆ ಹಾಕಿಸಬೇಕಾದ ಕಪಾಟಿನ ಮಾತು ಬಂತು, ಪಕ್ಕದ ಮನೆಯವರು ರಾತ್ರಿಯೆಲ್ಲ ಟಿವಿ ಹಾಕುತ್ತಾರೆಂಬ ದೂರು ಬಂತು. ಮಾತು ಎಲ್ಲ ಕಡೆಯೂ ಸುತ್ತಿತು. ಒಂದು ಜಾಗದ ಹತ್ತಿರ ಬಂದಾಗ ಮಾತ್ರ ಎಲ್ಲರೂ, ನೆಲ ಒದ್ದೆಯಿರುವಲ್ಲಿ ಕಾಲು ತಪ್ಪಿಸುವವರಂತೆ, ಪಕ್ಕಕ್ಕೆ ಸರಿದು ಮುಂದೆ ಹೋದರು.

ತಾಯಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಕೈ ತಟ್ಟೆಯಲ್ಲೇ ಇತ್ತು.

"ಯಾರಾದ್ರೂ ಒಬ್ಬರು, ದೊಡ್ಡವಳ ವಿಷಯ ನನ್ನನ್ನ ಏನಾದ್ರೂ ಕೇಳಿ" ಎಂದಳು.

ಅಳಿಯ ನೀರಿನ ಲೋಟ ಎತ್ತಿದವನು ಹಾಗೇ ಹಿಡಿದುಕೊಂಡ. ಅತ್ತೆ ತಲೆ ತಗ್ಗಿಸಿದಳು. ಚಿಕ್ಕವಳು ಕೇಳಲು ಬಾಯಿ ತೆರೆದಳು...